ಗೇಟಿನಿಂದ ಗೋಡೌನಿನವರೆಗೆ: ಸರಕು ನಿಲ್ಲದಂತೆ ಕಾಯುವ ಭದ್ರತಾ ಸಂಸ್ಕೃತಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಾಲೂರು ಕಡೆಯ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ 14 ವರ್ಷ ಡಿಸ್ಪ್ಯಾಚ್ ನೋಡಿಕೊಂಡವನು. ಈಗ ಕೋಲಾರ ಜಿಲ್ಲೆಯ ಸಣ್ಣ ಕಾರ್ಖಾನೆ, ಮಂಡಿ, ಗೋಡೌನುಗಳಿಗೆ ಹೋಗಿ ಇದೇ ವಿಷಯ ಮಾತಾಡುತ್ತೇನೆ. ಮಾತು ಮುಗಿದು ಟೀ ಕುಡಿಯುವಾಗ ಕೇಳುವ ಪ್ರಶ್ನೆಗಳು, ರಾತ್ರಿ ಫೋನಿಗೆ ಬರುವ ಸಂದೇಶಗಳು, ಒಂದೆರಡು ಕಾಗದ. ಇವುಗಳಲ್ಲಿ ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಿನಲ್ಲೇ ಹಾಕಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲಿಗೆ

"ಭದ್ರತಾ ಸಂಸ್ಕೃತಿ ಅಂದ್ರೆ ಏನ್ ಸಾರ್? ಗೇಟಲ್ಲಿ ಸೆಕ್ಯೂರಿಟಿ ಇದ್ದಾರೆ, ಸಿಸಿ ಕ್ಯಾಮೆರಾ ಇದೆ. ಸಾಲ್ದಾ?"

ಎರಡೂ ಬೇಕು. ಆದರೆ ಕ್ಯಾಮೆರಾ ಆಗಿಹೋದದ್ದನ್ನು ತೋರಿಸುತ್ತದೆ ಅಷ್ಟೆ.

ರಾತ್ರಿ 2 ಗಂಟೆಗೆ ಒಂದು ಲಾರಿ ಬಂದು ನಿಂತಿದೆ ಅಂದುಕೊಳ್ಳಿ. ಡ್ರೈವರ್ ಹೊಸಬ. ಅವನ ಕೈಲಿರುವ ಕಾಗದದಲ್ಲಿ ಬೇರೆ ಗಾಡಿ ನಂಬರ್ ಇದೆ. "ಆ ಗಾಡಿ ಕೆಟ್ಟೋಯ್ತು, ಇದನ್ನ ಕಳ್ಸಿದಾರೆ, ಬೇಗ ಲೋಡ್ ಮಾಡಿ" ಅನ್ನುತ್ತಾನೆ. ಆಗ ಗೇಟಿನಲ್ಲಿರುವವರು ಅವನನ್ನು ಒಳಗೆ ಬಿಡುತ್ತಾರಾ, ಇಲ್ಲ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಫೋನ್ ಮಾಡಿ ಕೇಳುತ್ತಾರಾ? ಕೇಳಿದ್ದಕ್ಕೆ ಅರ್ಧ ಗಂಟೆ ತಡವಾದರೆ, ಬೆಳಿಗ್ಗೆ ಸೂಪರ್‌ವೈಸರ್ ಬೈಯುತ್ತಾರಾ, "ಒಳ್ಳೇದ್ ಮಾಡ್ದೆ" ಅನ್ನುತ್ತಾರಾ? ನಿಮ್ಮ ಜಾಗದಲ್ಲಿ ಈ ಪ್ರಶ್ನೆಗಳಿಗೆ ಏನು ಉತ್ತರ ಸಿಗುತ್ತದೋ ಅದೇ ನಿಮ್ಮ ಭದ್ರತಾ ಸಂಸ್ಕೃತಿ. "ತಡಿ, ಒಂದ್ಸಲ ಕೇಳ್ತೀನಿ" ಅನ್ನುವ ಮಾತಿಗೆ ಅಲ್ಲಿ ಎಷ್ಟು ಬೆಲೆ ಇದೆ ಅನ್ನುವುದನ್ನು ನಾನು ಮೊದಲು ನೋಡುತ್ತೇನೆ.

"ನಮ್ಮದು 12 ಜನರ ಶೆಡ್ಡು. ಪೂರೈಕೆ ಸರಪಳಿ ಅಂತ ದೊಡ್ಡ ಮಾತೆಲ್ಲ ನಮಗ್ಯಾಕೆ?"

ನೀವು ಮಾಡುವ ಬುಷ್ ಅಥವಾ ಕ್ಲಿಪ್ಪು ಇನ್ನೊಬ್ಬರ ಶೆಡ್ಡಿಗೆ ಹೋಗುತ್ತದೆ. ಅಲ್ಲಿಂದ ನರಸಾಪುರದ್ದೋ ವೇಮಗಲ್‌ದ್ದೋ ದೊಡ್ಡ ಕಾರ್ಖಾನೆಗೆ ಹೋಗುತ್ತದೆ. ಕೊನೆಗೆ ಒಂದು ಗಾಡಿಗೆ ಸೇರುತ್ತದೆ. ಒಂದು ಕೊಂಡಿ ಬಿಟ್ಟರೂ ಗಾಡಿ ಹೊರಗೆ ಬರುವುದಿಲ್ಲ.

ಜಪಾನಿನಲ್ಲಿ ನಡೆದದ್ದು ಕೇಳಿ. ಕೊಜಿಮಾ ಇಂಡಸ್ಟ್ರೀಸ್ ಅನ್ನುವ ಕಂಪನಿ ಟೊಯೊಟಾಗೆ ಪ್ಲಾಸ್ಟಿಕ್ ಭಾಗಗಳನ್ನು ಕೊಡುತ್ತದೆ. 2022ರ ಫೆಬ್ರವರಿ ಕೊನೆಯಲ್ಲಿ ಅದರ ಕಂಪ್ಯೂಟರುಗಳಿಗೆ ಯಾರೋ ನುಗ್ಗಿ ಫೈಲುಗಳನ್ನು ಲಾಕ್ ಮಾಡಿದರು. ಅದರ ಒಂದು ಅಂಗಸಂಸ್ಥೆ ಹೊರಗಿನ ಸಂಪರ್ಕಕ್ಕೆ ಇಟ್ಟುಕೊಂಡಿದ್ದ ಉಪಕರಣದ ಮೂಲಕ ಅವರು ಒಳಗೆ ಬಂದಿದ್ದರು. ಮಾರ್ಚ್ 1ರಂದು ಟೊಯೊಟಾ ಜಪಾನಿನ ತನ್ನ 14 ಕಾರ್ಖಾನೆಗಳ 28 ಲೈನುಗಳನ್ನೂ ನಿಲ್ಲಿಸಬೇಕಾಯಿತು. ಒಂದೇ ದಿನಕ್ಕೆ ಸುಮಾರು 13,000 ಗಾಡಿಗಳ ಕೆಲಸ ಹೋಯಿತು. ಟೊಯೊಟಾದ ಸ್ವಂತ ಯಂತ್ರಗಳಿಗೆ ಏನೂ ಆಗಿರಲಿಲ್ಲ. ಪ್ಲಾಸ್ಟಿಕ್ ಕೊಡುವವರ ಕಂಪ್ಯೂಟರ್ ನಿಂತಿತ್ತು, ಅಷ್ಟೇ.

ನಿಮ್ಮ 12 ಜನರ ಶೆಡ್ಡೂ ಹೀಗೆ ಯಾರಿಗೋ ಒಂದು ಕೊಂಡಿ.

"ಇದು ಕಂಪ್ಯೂಟರ್ ಇರೋರ ತಲೆನೋವು ಅಲ್ವಾ ಅಣ್ಣ? ನಾನು ಟೊಮೆಟೊ ಮಂಡಿಯವನು."

ನಿಮ್ಮದು ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 15 ಕೆಜಿಯ ಬಾಕ್ಸು ಹರಾಜಾಗಿ, ಲಾರಿ ಹತ್ತಿ, ಆಂಧ್ರ ಗಡಿಯ ನಂಗಲಿ ದಾಟಿ, ಎಷ್ಟೋ ರಾಜ್ಯಗಳಿಗೆ ಹೋಗುತ್ತದೆ. ಎಲ್ಲವೂ ನಂಬಿಕೆ ಮೇಲೆ ನಡೆಯುತ್ತದೆ.

2023ರ ಜುಲೈ ನೆನಪಿದೆಯಲ್ವಾ? ಟೊಮೆಟೊ ಬೆಲೆ ಮುಗಿಲು ಮುಟ್ಟಿದ ತಿಂಗಳು. ಆಗಲೇ ಕೋಲಾರದಿಂದ ಜೈಪುರಕ್ಕೆ ಹೊರಟಿದ್ದ, ಸುಮಾರು 21 ಲಕ್ಷ ರೂಪಾಯಿ ಬೆಲೆಯ ಸರಕಿದ್ದ ಲಾರಿ ಸೇರಬೇಕಾದ ಜಾಗ ಸೇರಲಿಲ್ಲ ಎಂದು ಪೊಲೀಸ್ ದೂರಾಯಿತು. ಪತ್ರಿಕೆಗಳಲ್ಲೆಲ್ಲ ಬಂತು. ಅದರಲ್ಲಿ ಕಂಪ್ಯೂಟರ್ ವಿಷಯ ಏನೂ ಇರಲಿಲ್ಲ.

ಮಂಡಿಯಲ್ಲಿ ಬೆಲೆ ಏರಿದ ಹೊತ್ತಿಗೆ ಗಡಿಬಿಡಿಯೂ ಏರುತ್ತದೆ. ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವುದು ಪರಿಶೀಲನೆ. ಡ್ರೈವರ್ ಲೈಸೆನ್ಸ್ ಮತ್ತು ಗಾಡಿ ನಂಬರ್ ಎರಡರ ಫೋಟೋ ತೆಗೆದುಕೊಳ್ಳಿ. ಲಾರಿ ಮಾಲೀಕರ ಜೊತೆ ನೀವೇ ಒಂದು ಸಲ ಮಾತಾಡಿ, ಏಜೆಂಟ್ ಕೊಟ್ಟ ಫೋನಿನಲ್ಲಿ ಬೇಡ. ದಾರಿಯಲ್ಲಿ ದಿನಕ್ಕೆ 2 ಸಲ ಫೋನ್ ಮಾಡುವ ಹೊತ್ತು ಮೊದಲೇ ಹೇಳಿಡಿ. ಒಂದು ಫೋನ್ ತಪ್ಪಿದರೆ ಯಾರು ಯಾರಿಗೆ ಹೇಳಬೇಕು ಅನ್ನುವುದೂ ಗೊತ್ತಿರಲಿ. ಬಾಕ್ಸಿಗೆ 200 ರೂಪಾಯಿ ಇದ್ದಾಗ ಇದನ್ನೆಲ್ಲ ರೂಢಿ ಮಾಡಿಕೊಂಡರೆ, 2,000 ಆದಾಗಲೂ ಕೈ ತಾನಾಗಿ ಮಾಡುತ್ತದೆ.

"ಸರಕು ನಿಲ್ಲೋಕೆ ಯಾವಾಗ್ಲೂ ಹೊರಗಿನ ಕಳ್ಳರೇ ಕಾರಣನಾ?"

ಇಲ್ಲ. ನಮ್ಮ ಜಿಲ್ಲೆಯ ದೊಡ್ಡ ಉದಾಹರಣೆ ಒಳಗಿನಿಂದಲೇ ಬಂದದ್ದು. 2020ರ ಡಿಸೆಂಬರ್ 12ರ ಬೆಳಿಗ್ಗೆ ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಗಲಾಟೆ ಆಯಿತು. ಗಾಜು ಒಡೆಯಿತು, ಗಾಡಿಗಳು ಹೊತ್ತಿದವು. ಆಮೇಲೆ ಆ್ಯಪಲ್ ತನಿಖೆ ಮಾಡಿತು. ಕೆಲಸದ ಗಂಟೆಗಳ ಲೆಕ್ಕ ಸರಿಯಾಗಿ ಇಟ್ಟಿರಲಿಲ್ಲ, ಅದರಿಂದ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೆಲವರಿಗೆ ಸಂಬಳ ತಡವಾಗಿತ್ತು ಎಂದು ಹೇಳಿತು. ಸರಿಪಡಿಸುವ ತನಕ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದಿಲ್ಲ ಎಂದಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಕೈಗೆ ಬಂತು.

ಒಡೆದದ್ದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಸಂಬಳದ ಸ್ಲಿಪ್ಪಿನಲ್ಲಿ ತಪ್ಪಿದೆ ಎಂದು ಹೇಳಿದ ಮಾತು ಎಲ್ಲಿಗೂ ಮುಟ್ಟದೇ ಹೋದರೆ, ಅದೂ ಭದ್ರತೆಯ ಲೋಪವೇ. ಅನುಮಾನದ ಲಾರಿ ಬಗ್ಗೆ ಹೇಳಲು ಬಾಯಿ ಬರಬೇಕಾದ ಮನುಷ್ಯನೇ ತನ್ನ ಓವರ್‌ಟೈಮ್ ಬಗ್ಗೆಯೂ ಹೇಳುತ್ತಾನೆ. ಒಂದನ್ನು ಕೇಳಿಸಿಕೊಳ್ಳದಿದ್ದರೆ ಇನ್ನೊಂದೂ ನಿಮಗೆ ಸಿಗುವುದಿಲ್ಲ.

ಕೆಲವು ಸಲ ಯಾರ ಕೆಟ್ಟ ಉದ್ದೇಶವೂ ಇರುವುದಿಲ್ಲ. 2024ರ ಜುಲೈ 19ರಂದು ಕಂಪ್ಯೂಟರ್ ಭದ್ರತೆಯ ಸಾಫ್ಟ್‌ವೇರ್ ಮಾಡುವ ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಕೈಯಲ್ಲಿ ಬರೆದು ಕೆಲಸ ಸಾಗಿಸಲು ಗೊತ್ತಿದ್ದವರು ಅವತ್ತು ಉಳಿದುಕೊಂಡರು.

## ದಿನದ ಕೆಲಸದಲ್ಲಿ

"ಹುಡುಗರು ತಪ್ಪು ಮಾಡಿ ಮುಚ್ಚಿಡ್ತಾರೆ. ಬೈದ್ರೂ ಅಷ್ಟೇ, ಬೈದೆ ಇದ್ರೂ ಅಷ್ಟೇ. ಏನ್ ಮಾಡೋದು ಹೇಳಿ."

ಇದಕ್ಕೆ ನನ್ನದೇ ಅನುಭವ ಹೇಳಬೇಕು. ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಡಿಸ್ಪ್ಯಾಚ್‌ನಲ್ಲಿ ಲೇಬಲ್ ಹೊಡೆಯಲು ಒಂದು ಕಂಪ್ಯೂಟರ್ ಇತ್ತು. ಬಾಕ್ಸಿನ ಮೇಲೆ ಬಾರ್‌ಕೋಡ್ ಲೇಬಲ್ ಇಲ್ಲದಿದ್ದರೆ ಗಿರಾಕಿ ಕಂಪನಿ ಸರಕನ್ನು ಇಳಿಸಿಕೊಳ್ಳುತ್ತಿರಲಿಲ್ಲ. ಎರಡನೇ ಶಿಫ್ಟಿನಲ್ಲಿ ಬಂಗಾರಪೇಟೆ ಕಡೆಯ ಹುಡುಗನೊಬ್ಬ ಇದ್ದ. ಒಂದು ರಾತ್ರಿ ಊರಹಬ್ಬದ ಫ್ಲೆಕ್ಸಿಗೆ ಫೋಟೋ ನೋಡಲು ಪೆನ್‌ಡ್ರೈವ್ ಹಾಕಿದ್ದಾನೆ. ಆಗ ಗಂಟೆ ಒಂಬತ್ತೂವರೆ. ಸ್ವಲ್ಪ ಹೊತ್ತಿಗೆ ಪರದೆ ಮೇಲಿನ ಚಿತ್ರಗಳೆಲ್ಲ ಬಿಳಿ ಹಾಳೆ ಥರ ಆದವು. ಫೈಲುಗಳ ಹೆಸರಿನ ಕೊನೆಯಲ್ಲಿ ಅರ್ಥವಾಗದ ಅಕ್ಷರಗಳು. ಅವನು ಹೆದರಿ ಮಾನಿಟರ್ ಆಫ್ ಮಾಡಿದ, ಮೇಲೆ ಪ್ಲಾಸ್ಟಿಕ್ ಕವರ್ ಹೊದಿಸಿದ, ಮನೆಗೆ ಹೋದ. ಮೇಜಿನ ಕೆಳಗೆ ಸಿಪಿಯು ಮಾತ್ರ ಓಡುತ್ತಲೇ ಇತ್ತು.

ಬೆಳಿಗ್ಗೆ 6 ಗಂಟೆಗೆ ಲೇಬಲ್ ಬರಲಿಲ್ಲ. ಅಷ್ಟರಲ್ಲಿ ಎಲ್ಲರೂ ಬಳಸುವ ಫೋಲ್ಡರ್, ಸ್ಟಾಕ್ ಲೆಕ್ಕ, ಟ್ಯಾಲಿ ಡೇಟಾ ಎಲ್ಲ ಲಾಕ್ ಆಗಿದ್ದವು. ಗೇಟಿನಲ್ಲಿ ಗಾಡಿ ನಿಂತಿತ್ತು. ಎರಡು ಶಿಫ್ಟು ಸರಕು ಹೊರಡಲಿಲ್ಲ. ಗಿರಾಕಿಯ ಲೈನಿಗೂ ಬಿಸಿ ಮುಟ್ಟಿತು. ಒಂಬತ್ತೂವರೆಗೇ ನೆಟ್‌ವರ್ಕ್ ಕೇಬಲ್ ಕಿತ್ತಿದ್ದರೆ ಒಂದು ಹಳೇ ಕಂಪ್ಯೂಟರ್ ಹೋಗುತ್ತಿತ್ತು, ಅಷ್ಟೇ.

"ಯಾಕೋ ಹೇಳಲಿಲ್ಲ?" ಎಂದು ಕೇಳಿದೆ. ಅವನು ನೆಲ ನೋಡಿಕೊಂಡೇ ಹೇಳಿದ: "ಹೋದ್ ತಿಂಗಳು ಫೋರ್ಕ್‌ಲಿಫ್ಟ್ ತಗುಲ್ಸಿದೋನ್ನ ಎಲ್ರ ಮುಂದೆ ನಿಲ್ಸಿ ಬೈದ್ರಲ್ಲ ಅಣ್ಣ. ಅದೇ ನೆನಪಾಯ್ತು."

ಬೈದವನು ನಾನೇ. ಅವತ್ತಿನಿಂದ ಈ ಕೆಲಸ ನನಗೆ ಬೇರೆ ಥರ ಕಾಣಿಸಿತು. ಆ ಎಂಟೂವರೆ ಗಂಟೆ ಹೋದದ್ದು ವೈರಸ್ಸಿನಿಂದ ಎಂದು ನನಗೆ ಅನ್ನಿಸಲಿಲ್ಲ. ನನ್ನ ಮೇಲಿನ ಹೆದರಿಕೆಯಿಂದ ಹೋಯಿತು.

ಆಮೇಲೆ ಎರಡು ಕೆಲಸ ಮಾಡಿದೆವು. ಪ್ರತಿ ಶಿಫ್ಟಿನ ಶುರುವಿಗೆ 5 ನಿಮಿಷ ನಿಂತು "ನಿನ್ನೆ ಏನು ತಪ್ಪಾಯ್ತು" ಮಾತಾಡುವುದು. ಮೊದಲ ವಾರವೆಲ್ಲ ನನ್ನ ತಪ್ಪುಗಳನ್ನು ನಾನೇ ಹೇಳಿದೆ. ಎರಡನೇ ವಾರ ಒಬ್ಬ ಬಾಯಿ ಬಿಟ್ಟ. ಇನ್ನೊಂದು, ಪ್ರತಿ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ಲಿಗೆ ಕೆಂಪು ದಾರ ಕಟ್ಟಿದೆವು. ಅನುಮಾನ ಬಂದರೆ ಯಾರನ್ನೂ ಕೇಳದೆ ಅದನ್ನು ಕೀಳಬಹುದು, ಸುಳ್ಳು ಅನುಮಾನ ಆದರೂ ಯಾರೂ ಏನೂ ಅನ್ನುವುದಿಲ್ಲ. ಟೊಯೊಟಾ ಕಾರ್ಖಾನೆಗಳಲ್ಲಿ ಕೆಲಸಗಾರ ಹಗ್ಗ ಎಳೆದು ಮೇಲಿನವರನ್ನು ಕರೆಯಬಹುದು, ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಅದಕ್ಕೆ ಆಂಡಾನ್ ಅನ್ನುತ್ತಾರೆ. ನಮ್ಮ ಕೆಂಪು ದಾರ ಅದರ ಬಡ ತಮ್ಮ.

"ಹಾಗಾದ್ರೆ ಯಾರಿಗೂ ಶಿಕ್ಷೆನೇ ಬೇಡ್ವಾ?"

ಬೇಕು, ಬೇರೆ ಜಾಗದಲ್ಲಿ. ಗೊತ್ತಿಲ್ಲದೆ ತಪ್ಪು ಮಾಡಿ ಕೂಡಲೇ ಬಂದು ಹೇಳಿದವನಿಗೆ ಬೇಡ. ಬೇಕಂತಲೇ ಲಾರಿ ಬಾಗಿಲಿನ ಸೀಲ್ ಒಡೆದವನಿಗೆ, ಸರಕು ಮಾರಿಕೊಂಡವನಿಗೆ ಖಂಡಿತ ಬೇಕು. ಇವೆರಡರ ನಡುವಿನ ಗೆರೆ ಯಾವುದು ಎಂದು ಮೊದಲೇ ಎಲ್ಲರಿಗೂ ಹೇಳಿಬಿಡಿ. ಮ್ಯಾನೇಜರಿಗೂ ಅದೇ ಗೆರೆ ಇರಲಿ. ಹೆಲ್ಪರಿಗೆ ಮೆಮೊ, ಮ್ಯಾನೇಜರಿಗೆ "ಪರವಾಗಿಲ್ಲ ಬಿಡಿ" ಅಂತ ಆದರೆ ಜನ ಒಂದೇ ದಿನದಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ.

"ಕಬ್ಬಿಣ ಕೊಡೋರಿಂದ ಮೇಲ್ ಬಂದಿದೆ, ಬ್ಯಾಂಕ್ ಅಕೌಂಟ್ ಬದಲಾಗಿದೆಯಂತೆ. ಹಾಕ್ಬಿಡ್ಲಾ ಮೇಡಂ ಅಂತ ನಮ್ ಹುಡುಗ ಕೇಳ್ತಿದ್ದಾನೆ. ಏನ್ ಹೇಳ್ಲಿ?"

ಆ ಹುಡುಗನಿಗೆ ಮೊದಲು ಒಂದು ಥ್ಯಾಂಕ್ಸ್ ಹೇಳಿ, ಕೇಳಿದನಲ್ಲ.

ಆಮೇಲೆ ಆ ಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ನಿಮ್ಮ ಹಳೇ ಬಿಲ್ಲಿನಲ್ಲಿ, ಡೈರಿಯಲ್ಲಿ ಇರುವ ನಂಬರಿಗೆ ಮಾಡಿ. ಗುರುತಿರುವ ದನಿ ಕೇಳಿದ ಮೇಲೆ ಮಾತಾಡಿ. ಮೋಸಗಾರರು ಕಂಪನಿಯ ಹೆಸರಿನಲ್ಲಿ ಒಂದಕ್ಷರ ಬದಲಿಸಿ ಮೇಲ್ ವಿಳಾಸ ಮಾಡಿಕೊಂಡಿರುತ್ತಾರೆ. ಕೆಲವು ಸಲ ನಿಜವಾದ ಮೇಲ್ ಪೆಟ್ಟಿಗೆಯೇ ಅವರ ಕೈಯಲ್ಲಿರುತ್ತದೆ. ಹಳೇ ಬಿಲ್ ನಂಬರ್, ಬಾಕಿ ಎಷ್ಟು, ಎಲ್ಲ ಸರಿಯಾಗೇ ಬರೆದಿರುತ್ತಾರೆ. ಓದಿ ಕಂಡುಹಿಡಿಯುತ್ತೇನೆ ಅನ್ನುವ ಧೈರ್ಯ ಬೇಡ.

ಹಣ ಹೋದರೆ ಹಣ ಮಾತ್ರ ಹೋಗುವುದಿಲ್ಲ. ಕಬ್ಬಿಣದವರಿಗೆ ದುಡ್ಡು ಮುಟ್ಟಿರುವುದಿಲ್ಲ, ಅವರು ಮುಂದಿನ ಲೋಡ್ ತಡೆಹಿಡಿಯುತ್ತಾರೆ, ನಿಮ್ಮ ಯಂತ್ರ ನಿಲ್ಲುತ್ತದೆ. ಕಳಿಸಿಬಿಟ್ಟಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ಬೇಗ ಹೇಳಿದಷ್ಟೂ ಹಣ ತಡೆಯುವ ದಾರಿ ಜಾಸ್ತಿ.

"ಇ-ವೇ ಬಿಲ್ ಓಟಿಪಿ ಓನರ್ ಫೋನಿಗೆ ಹೋಗುತ್ತೆ. ಅವರು ಮದುವೆಗೆ ಹೋದ್ರೆ ಲಾರಿ ನಿಲ್ಲುತ್ತೆ. ಅದಕ್ಕೆ ಓಟಿಪಿನ ಗ್ರೂಪಲ್ಲಿ ಹಾಕಿಸ್ಕೊಳ್ತೀವಿ. ತಪ್ಪಾ?"

ತಪ್ಪೇ. ಆದರೆ ನಿಮ್ಮ ಕಷ್ಟ ನಿಜ. 50,000 ರೂಪಾಯಿ ದಾಟಿದ ಸರಕಿಗೆ ಇ-ವೇ ಬಿಲ್, ಅಂದರೆ ಜಿಎಸ್‌ಟಿಯ ಆನ್‌ಲೈನ್ ಸಾಗಣೆ ಕಾಗದ, ಬೇಕು. 2025ರ ಏಪ್ರಿಲ್ 1ರಿಂದ ಸಣ್ಣವರೂ ಸೇರಿ ಎಲ್ಲರಿಗೂ ಲಾಗಿನ್‌ಗೆ ಓಟಿಪಿ ಕಡ್ಡಾಯ ಆಯಿತು. ಓಟಿಪಿ ಗ್ರೂಪಿಗೆ ಬಂದರೆ ಕೆಲಸ ಬಿಟ್ಟುಹೋದವರ ಕಣ್ಣಿಗೂ ಬೀಳುತ್ತದೆ. ನಿಮ್ಮ ಹೆಸರಿನಲ್ಲಿ ಸುಳ್ಳು ಬಿಲ್ ಹುಟ್ಟಬಹುದು.

ಅದೇ ಪೋರ್ಟಲ್‌ನಲ್ಲಿ ಸಬ್ ಯೂಸರ್ ಮಾಡುವ ಅವಕಾಶ ಇದೆ. ಡಿಸ್ಪ್ಯಾಚ್‌ನ ಇಬ್ಬರಿಗೆ ಅವರವರ ಮೊಬೈಲ್ ನಂಬರಿನಲ್ಲಿ ಲಾಗಿನ್ ಮಾಡಿಕೊಡಿ. ಯಾರು ಯಾವ ಬಿಲ್ ಮಾಡಿದರು ಎಂದು ಗೊತ್ತಾಗುತ್ತದೆ, ಓನರ್ ನೆಮ್ಮದಿಯಾಗಿ ಮದುವೆ ಊಟ ಮಾಡಬಹುದು. ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ತೆಗೆಯಿರಿ.

ಎಲ್ಲ ಕಡೆ ನಾನು ನೋಡಿರುವುದು ಇದೇ. ನಿಯಮ ಲಾರಿಯನ್ನು ನಿಲ್ಲಿಸಿದರೆ ಜನ ನಿಯಮವನ್ನು ಸುತ್ತಿಬಳಸಿ ಹೋಗುತ್ತಾರೆ. ಅವರು ಕೆಟ್ಟವರಲ್ಲ, ಸರಕು ಕಳಿಸಬೇಕು ಅನ್ನುವ ನಿಯತ್ತಿನವರು. ಸರಿಯಾದ ದಾರಿಯನ್ನೇ ಸುಲಭ ಮಾಡಿಕೊಡುವುದು ಮೇಲಿನವರ ಕೆಲಸ.

"ಎಸಿ ಸರ್ವಿಸ್ ಅಂತ ಒಬ್ಬ ಬಂದ. ಸೆಕ್ಯೂರಿಟಿ ತಾತ ಒಳಗೆ ಬಿಟ್ಟ. ತಪ್ಪು ಯಾರ್ದು?"

ಇವತ್ತು ಯಾರು ಬರುತ್ತಾರೆ ಎಂದು ತಾತನಿಗೆ ಪಟ್ಟಿ ಕೊಟ್ಟಿದ್ದೀರಾ? ಕೊಟ್ಟಿಲ್ಲದಿದ್ದರೆ ಅವರ ತಪ್ಪಲ್ಲ. 12 ಗಂಟೆ ಡ್ಯೂಟಿ ಮಾಡಿ, "ಆಫೀಸರನ್ನ ತಡೀತೀಯಾ" ಎಂದು ಬೈಸಿಕೊಂಡವರು ಇನ್ನೊಂದು ಸಲ ಯಾರನ್ನೂ ತಡೆಯುವುದಿಲ್ಲ. ಯಜಮಾನರೇ ಬಂದರೂ ಗುರುತಿನ ಚೀಟಿ ಕೇಳಲಿ, ಯಜಮಾನರು ನಗುನಗುತ್ತಾ ತೋರಿಸಲಿ. ಅದನ್ನು ನಾಲ್ಕು ಜನ ನೋಡಿದರೆ ಸಾಕು.

ಸರ್ವಿಸ್‌ನವರ ದಾರಿ ಎಷ್ಟು ದೊಡ್ಡದು ಅನ್ನುವುದಕ್ಕೆ ಅಮೆರಿಕದ ಟಾರ್ಗೆಟ್ ಅಂಗಡಿಗಳ ಕಥೆ ಇದೆ. 2013ರ ಕೊನೆಯಲ್ಲಿ ಅಲ್ಲಿ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾಯಿತು. ಕಳ್ಳರು ಮೊದಲು ಕದ್ದದ್ದು ಎಸಿ ಮತ್ತು ಫ್ರಿಜ್ ಕೆಲಸದ ಗುತ್ತಿಗೆದಾರರ ಪಾಸ್‌ವರ್ಡ್. ನಿಮ್ಮ ಯಂತ್ರ ರಿಪೇರಿಯವರು, ಸಾಫ್ಟ್‌ವೇರ್ ಹುಡುಗ, ಲೆಕ್ಕಪತ್ರದವರು ದೂರದಿಂದಲೇ ನಿಮ್ಮ ಕಂಪ್ಯೂಟರಿಗೆ ಬರುತ್ತಾರಲ್ವಾ? ಕೆಲಸ ಮುಗಿದ ಮೇಲೆ ಆ ಬಾಗಿಲು ಮುಚ್ಚಿದೆಯಾ, ನೋಡಿ.

"ನಮ್ಮಲ್ಲಿ ತೆಲುಗು, ತಮಿಳು, ಹಿಂದಿ, ಒಡಿಯಾ ಎಲ್ಲ ಇದ್ದಾರೆ. ಟ್ರೈನಿಂಗ್ ಯಾವ ಭಾಷೇಲಿ ಮಾಡೋದು?"

ಅವರವರ ಭಾಷೆಯಲ್ಲಿ. ಕೋಲಾರದವರಿಗೆ ಇದು ಕಷ್ಟವೇ ಅಲ್ಲ. ಬೆಳಿಗ್ಗೆ ಟೀ ಅಂಗಡಿಯಲ್ಲಿ ಮೂರು ಭಾಷೆ ಆಡಿಯೇ ನಾವು ಕೆಲಸಕ್ಕೆ ಹೋಗುತ್ತೇವೆ. ಇಂಗ್ಲಿಷ್ ಸ್ಲೈಡ್ ಹಾಕಿ ಒಂದು ಗಂಟೆ ಮಾತಾಡಿ, ಕೊನೆಗೆ ಸಹಿ ಹಾಕಿಸಿಕೊಂಡರೆ ಆಡಿಟ್‌ಗೆ ಕಾಗದ ಸಿಗುತ್ತದೆ, ಅಷ್ಟೆ.

ಒಡಿಶಾದಿಂದ, ಬಿಹಾರದಿಂದ ಬಂದ ಗುತ್ತಿಗೆ ಕೆಲಸಗಾರರಲ್ಲಿ ಒಬ್ಬ ಹಿರಿಯನಿರುತ್ತಾನೆ. ಅವನಿಗೆ ಮೊದಲು ಅರ್ಥ ಮಾಡಿಸಿ, ಅವನು ಉಳಿದವರಿಗೆ ಹೇಳಲಿ. ಸೀಲ್ ಹೇಗಿರಬೇಕು, ಒಡೆದ ಸೀಲ್ ಹೇಗಿರುತ್ತದೆ, ಎರಡನ್ನೂ ಕೈಗೆ ಕೊಟ್ಟು ತೋರಿಸಿ. ಯಾರಿಗೆ ಫೋನ್ ಮಾಡಬೇಕೋ ಅವರ ಫೋಟೋ ಮತ್ತು ನಂಬರ್ ಗೋಡೆ ಮೇಲಿರಲಿ. ಗುತ್ತಿಗೆಯವರನ್ನು "ನಮ್ಮವರಲ್ಲ" ಎಂದು ಬಿಟ್ಟರೆ, ರಾತ್ರಿ ಪಾಳಿಯಲ್ಲಿ ಸರಕಿನ ಹತ್ತಿರ ನಿಮ್ಮವರು ಯಾರೂ ಇರುವುದಿಲ್ಲ.

"ಡ್ರೈವರ್ ಫೋನಿಗೆ ಟ್ರಾಫಿಕ್ ಚಲನ್ ಅಂತ ಒಂದು ಎಪಿಕೆ ಫೈಲ್ ಬಂದಿದೆ. ಓಪನ್ ಮಾಡಿದ್ದಾನೆ. ಈಗ?"

ಎಪಿಕೆ ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್. ಮೊದಲು ಫೋನಿನ ಇಂಟರ್ನೆಟ್ ಆಫ್ ಮಾಡಿಸಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಯಿರಿ. ಕಂಪನಿ ಗ್ರೂಪುಗಳಿಂದ ಆ ನಂಬರ್ ತೆಗೆಯಿರಿ, ಯಾಕಂದರೆ ಅದೇ ಫೈಲ್ ಅವನ ಹೆಸರಿನಲ್ಲಿ ಎಲ್ಲರಿಗೂ ಹೋಗಬಹುದು. ಆಮೇಲೆ ಫೋನ್ ಪೂರ್ತಿ ರೀಸೆಟ್. ಸರಕಾರದ ಯಾವ ಇಲಾಖೆಯೂ ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಕಳಿಸಿ ದಂಡ ಕಟ್ಟಿಸಿಕೊಳ್ಳುವುದಿಲ್ಲ. ಇದನ್ನು ಡ್ರೈವರುಗಳಿಗೆ ಗಾಡಿ ಹತ್ತುವಾಗಲೇ ಹೇಳಿ.

## ಸ್ವಲ್ಪ ಆಳಕ್ಕೆ

"ಬ್ಯಾಕಪ್ ದಿನಾ ತಗೋತೀವಿ ಸಾರ್. ಇನ್ನೇನು ಭಯ?"

ಆ ಬ್ಯಾಕಪ್ ಡಿಸ್ಕ್ ಎಲ್ಲಿದೆ ಎಂದು ಕೇಳಿದರೆ ಹತ್ತರಲ್ಲಿ ಎಂಟು ಜನ ಕಂಪ್ಯೂಟರಿನ ಹಿಂದೆ ಬೆರಳು ತೋರಿಸುತ್ತಾರೆ. ಸದಾ ಸಿಕ್ಕಿಸಿಟ್ಟ ಡಿಸ್ಕ್ ಕಂಪ್ಯೂಟರಿನ ಜೊತೆಯಲ್ಲೇ ಲಾಕ್ ಆಗುತ್ತದೆ. ನಮ್ಮಲ್ಲೂ ಹಾಗೇ ಆಗಿತ್ತು. ಮೂರು ಪ್ರತಿ ಇರಲಿ, ಎರಡು ಬೇರೆ ಥರದ ಜಾಗದಲ್ಲಿ, ಒಂದು ಕಟ್ಟಡದಿಂದ ಹೊರಗೆ. ತಿಂಗಳಿಗೊಮ್ಮೆ ಅದರಿಂದ ಒಂದು ಫೈಲ್ ವಾಪಸ್ ತೆಗೆದು ನೋಡಿ. ತೆಗೆದು ನೋಡದ ಬ್ಯಾಕಪ್ಪನ್ನು ನಂಬಬೇಡಿ.

ಜಗತ್ತಿನ ದೊಡ್ಡ ಹಡಗು ಕಂಪನಿಗಳಲ್ಲಿ ಒಂದಾದ ಮಾರ್ಸ್ಕ್‌ಗೂ ಈ ಗತಿ ಬಂದಿತ್ತು. 2017ರ ಜೂನ್ 27ರಂದು ನಾಟ್‌ಪೆಟ್ಯಾ ಅನ್ನುವ ವೈರಸ್ ಯುಕ್ರೇನಿನ ಒಂದು ಲೆಕ್ಕಪತ್ರದ ಸಾಫ್ಟ್‌ವೇರಿನ ಅಪ್‌ಡೇಟ್ ಮೂಲಕ ಹರಡಿತು. ಮಾರ್ಸ್ಕ್‌ನ ಕಂಪ್ಯೂಟರುಗಳು ಜಗತ್ತಿನಾದ್ಯಂತ ಸತ್ತವು. ಮುಂಬೈ ಹತ್ತಿರದ ನವಾ ಶೇವಾ ಬಂದರಿನಲ್ಲಿ ಅವರ ಸಮೂಹ ನಡೆಸುವ ಟರ್ಮಿನಲ್ಲೂ ತತ್ತರಿಸಿತು. ಯಾರು ಯಾವ ಕಂಪ್ಯೂಟರಿಗೆ ಹೋಗಬಹುದು ಎಂಬ ಮುಖ್ಯ ದಾಖಲೆ ಎಲ್ಲ ಕಡೆ ಅಳಿಸಿಹೋಗಿತ್ತು. ಘಾನಾದ ಕಚೇರಿಯಲ್ಲಿ ಮಾತ್ರ ಒಂದು ಪ್ರತಿ ಉಳಿದಿತ್ತು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಅದನ್ನು ತಂದು 10 ದಿನದಲ್ಲಿ 4,000 ಸರ್ವರ್, 45,000 ಕಂಪ್ಯೂಟರುಗಳನ್ನು ಮತ್ತೆ ಕಟ್ಟಿದರು. ನಷ್ಟ 30 ಕೋಟಿ ಡಾಲರ್‌ವರೆಗೆ.

ಆ ಹತ್ತು ದಿನ ಅವರ ಜನ ವಾಟ್ಸ್‌ಆ್ಯಪ್, ಕಾಗದ, ಪೆನ್ನು ಹಿಡಿದು ಕಂಟೇನರ್ ಸಾಗಿಸಿದರು. ನಿಮ್ಮಲ್ಲಿ ಕಂಪ್ಯೂಟರ್ ಇಲ್ಲದೆ ಒಂದು ದಿನ ಸರಕು ಕಳಿಸಲು ಯಾರಿಗೆ ಬರುತ್ತದೆ? ಹಳೇ ಸ್ಟೋರ್ಸ್ ಕ್ಲರ್ಕ್ ನಿವೃತ್ತಿ ಆಗುವ ಮೊದಲು ಅವರ ಹತ್ತಿರ ಕಲಿತುಕೊಳ್ಳಿ.

"ನಮ್ಮಲ್ಲಿ ದಾಳಿ ಆಗಿದೆ ಅಂತ ಗಿರಾಕಿ ಕಂಪನಿಗೆ ಹೇಳ್ಬೇಕಾ? ಆರ್ಡರ್ ಹೋಗ್ಬಿಡಲ್ವಾ?"

ಹೇಳಬೇಕು, ಅದೇ ದಿನ. ನಿಮ್ಮ ಮೇಲ್‌ನಿಂದ ಅವರಿಗೆ ವೈರಸ್ ಹೋದ ಮೇಲೆ ಗೊತ್ತಾದರೆ ಆರ್ಡರ್ ಖಂಡಿತ ಹೋಗುತ್ತದೆ. ಮೊದಲೇ ಹೇಳಿದರೆ ಅವರು ತಮ್ಮ ಕಡೆ ಬಾಗಿಲು ಮುಚ್ಚಿಕೊಂಡು, ಸ್ಟಾಕ್ ಎಷ್ಟು ದಿನಕ್ಕಿದೆ ನೋಡಿಕೊಂಡು, ಪ್ಲಾನ್ ಬದಲಿಸಿಕೊಳ್ಳುತ್ತಾರೆ. ನಮ್ಮ ಗಿರಾಕಿಗೆ ನಾನು ಬೆಳಿಗ್ಗೆ 7 ಗಂಟೆಗೇ ಫೋನ್ ಮಾಡಿದ್ದೆ. ಸಿಟ್ಟು ಮಾಡಿದರು. ಸಂಜೆಗೆ ಕೈಬರಹದ ಲೇಬಲ್ಲಿಗೆ ಒಪ್ಪಿಗೆ ಕೊಟ್ಟವರೂ ಅವರೇ.

ಕಾನೂನೂ ಇದೆ. ಸೈಬರ್ ದಾಳಿಗಳಿಗೆ ಸಂಬಂಧಿಸಿದ ಕೇಂದ್ರ ಸರಕಾರದ ಸಂಸ್ಥೆ ಸರ್ಟ್-ಇನ್. 2022ರ ಏಪ್ರಿಲ್ 28ರ ಅದರ ನಿರ್ದೇಶನದ ಪ್ರಕಾರ, ಪಟ್ಟಿ ಮಾಡಿದ ಘಟನೆಗಳನ್ನು ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ಕಂಪ್ಯೂಟರ್ ಲಾಗ್‌ಗಳನ್ನು, ಅಂದರೆ ಯಾವಾಗ ಏನು ನಡೆಯಿತು ಎಂಬ ದಾಖಲೆಗಳನ್ನು, 180 ದಿನ ಇಟ್ಟಿರಬೇಕು. ದೂರು ಕೊಡಲು ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆ ಇದೆ. ಆ 6 ಗಂಟೆಯಲ್ಲಿ 3 ಗಂಟೆ "ಯಾರು ಹೇಳಬೇಕು" ಎಂಬ ಚರ್ಚೆಯಲ್ಲೇ ಹೋಗುತ್ತದೆ. ಆ ಹೆಸರನ್ನು ಇವತ್ತೇ ಬರೆದಿಡಿ.

"ದೊಡ್ಡ ಕಂಪನಿಯವರು ನೂರಾರು ಪ್ರಶ್ನೆ ಇರೋ ಸೆಕ್ಯೂರಿಟಿ ಚೆಕ್‌ಲಿಸ್ಟ್ ಕಳ್ಸಿದ್ದಾರೆ. ಎಲ್ಲದಕ್ಕೂ ಯೆಸ್ ಹಾಕ್ಬಿಡ್ಲಾ?"

ಬೇಡ. ಇಲ್ಲದ್ದಕ್ಕೆ ಇಲ್ಲ ಎಂದೇ ಬರೆಯಿರಿ, ಪಕ್ಕದಲ್ಲಿ ಯಾವಾಗ ಮಾಡುತ್ತೀರಿ ಅಂತ ತಿಂಗಳು ಹಾಕಿ. ಸುಳ್ಳು ಯೆಸ್ ಒಂದು ದಿನ ನಿಮ್ಮ ಕುತ್ತಿಗೆಗೇ ಬರುತ್ತದೆ. ಅರ್ಥವಾಗದ ಪ್ರಶ್ನೆಯನ್ನು ಅವರಿಗೇ ಫೋನ್ ಮಾಡಿ ಕೇಳಿ.

ದೊಡ್ಡ ಕಂಪನಿಗಳವರಿಗೂ ಒಂದು ಮಾತು. ಚೆಕ್‌ಲಿಸ್ಟ್ ಕಳಿಸಿ ಕೈ ತೊಳೆದುಕೊಂಡರೆ ನಿಮ್ಮ ಸರಪಳಿ ಗಟ್ಟಿಯಾಗುವುದಿಲ್ಲ. ವರ್ಷಕ್ಕೊಮ್ಮೆ ನಿಮ್ಮ ಒಬ್ಬ ಎಂಜಿನಿಯರನ್ನು ಆ ಶೆಡ್ಡಿಗೆ ಅರ್ಧ ದಿನ ಕಳಿಸಿ. ಬ್ಯಾಕಪ್ ಸರಿಮಾಡಿಕೊಡಲಿ, ಜೊತೆಯಲ್ಲಿ ಕೂತು ಊಟ ಮಾಡಲಿ.

"ನಾವ್ ಎಷ್ಟೇ ಹುಷಾರಾಗಿದ್ರೂ, ನಾವು ಬಳ್ಸೋ ಸಾಫ್ಟ್‌ವೇರಿಂದಾನೇ ಬಂದ್ರೆ?"

ಬರುತ್ತದೆ. ಅಮೆರಿಕದ ಸೋಲಾರ್‌ವಿಂಡ್ಸ್ ಎಂಬ ಸಾಫ್ಟ್‌ವೇರ್ ಕಂಪನಿಯ ಅಪ್‌ಡೇಟಿನೊಳಗೇ ಕಳ್ಳರು ಸೇರಿಕೊಂಡಿದ್ದು 2020ರ ಡಿಸೆಂಬರ್‌ನಲ್ಲಿ ಬಯಲಾಯಿತು. ಸುಮಾರು 18,000 ಗಿರಾಕಿಗಳಿಗೆ ಆ ಅಪ್‌ಡೇಟ್ ಹೋಗಿತ್ತು. ನಮ್ಮ ದೇಶದಲ್ಲಿ 2024ರ ಜುಲೈ ಕೊನೆಗೆ ಸಿ-ಎಡ್ಜ್ ಎಂಬ ತಂತ್ರಜ್ಞಾನ ಕಂಪನಿಯ ಮೇಲೆ ದಾಳಿ ಆಗಿ, ಅದನ್ನು ನಂಬಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ನಿಂತಿತು. ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳೇ ಜಾಸ್ತಿ. ತೊಂದರೆ ಹರಡದಂತೆ ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ ಆ ಕಂಪನಿಯನ್ನು ಜಾಲದಿಂದ ಕೂಡಲೇ ಬೇರೆ ಮಾಡಿತು, ಮರುದಿನ ಸೇವೆ ಮರಳಿತು.

ಹಾಲು ಡೇರಿಗೆ, ರೈತರಿಗೆ ಹಣ ಹೋಗುವುದೂ ಇಂಥ ಬ್ಯಾಂಕುಗಳಿಂದಲೇ. ಹಾಗಾಗಿ ಎರಡು ಬೇರೆ ಬ್ಯಾಂಕುಗಳಲ್ಲಿ ಖಾತೆ ಇಟ್ಟುಕೊಳ್ಳಿ. ಯಾವ ಸಾಫ್ಟ್‌ವೇರ್ ನಿಂತರೆ ನಿಮ್ಮ ಯಾವ ಕೆಲಸ ನಿಲ್ಲುತ್ತದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಒಂದು ಹಾಳೆ ಸಾಕು.

"ಐಎಸ್‌ಒ 28000, ಎಇಒ ಅಂತೆಲ್ಲ ಹೇಳ್ತಾರೆ. ಮಾಡಿಸ್ಬೇಕಾ?"

ಐಎಸ್‌ಒ 28000 ಸರಬರಾಜು ಭದ್ರತೆಯ ಅಂತರರಾಷ್ಟ್ರೀಯ ಮಾನದಂಡ. 2007ರಲ್ಲಿ ಬಂತು, 2022ರಲ್ಲಿ ಹೊಸದಾಯಿತು. ಎಇಒ ಕಸ್ಟಮ್ಸ್ ಇಲಾಖೆಯ ಯೋಜನೆ. ರಫ್ತು, ಆಮದು ಮಾಡುವವರ ವ್ಯವಸ್ಥೆ ನಂಬಿಕೆಗೆ ಅರ್ಹ ಎಂದಾದರೆ ಬಂದರಿನಲ್ಲಿ ತಪಾಸಣೆ ಕಡಿಮೆ. ನೀವು ಹೊರದೇಶಕ್ಕೆ ಕಳಿಸುವವರಾದರೆ ಎಇಒ ಯೋಚಿಸಿ, ಸಣ್ಣ ಉದ್ಯಮಗಳಿಗೆ ಸಡಿಲಿಕೆಯೂ ಇದೆ. ಗಿರಾಕಿ ಕೇಳದಿದ್ದರೆ ಸರ್ಟಿಫಿಕೇಟಿಗೆ ಅವಸರ ಬೇಡ. ಆ ದುಡ್ಡಿನಲ್ಲಿ ಮೊದಲು ಗೇಟಿಗೆ ಇನ್ನೊಬ್ಬರನ್ನು ಹಾಕಿ, 12 ಗಂಟೆ ಡ್ಯೂಟಿಯನ್ನು 8 ಮಾಡಿ.

"ನಾವು ಸರಿ ಇದ್ದು, ಗಿರಾಕಿ ಕಂಪನಿನೇ ನಿಂತ್ರೆ?"

2025ರಲ್ಲಿ ಆದದ್ದು ಇದೇ. ಟಾಟಾ ಸಮೂಹದ ಜಾಗ್ವಾರ್ ಲ್ಯಾಂಡ್ ರೋವರ್ ಸೈಬರ್ ದಾಳಿಯಿಂದ ಸೆಪ್ಟೆಂಬರ್ ಪೂರ್ತಿ ಕಾರು ಮಾಡಲಿಲ್ಲ. ಅಕ್ಟೋಬರ್‌ನಲ್ಲಿ ನಿಧಾನವಾಗಿ ಶುರುವಾಯಿತು. ಹೆಚ್ಚು ನೊಂದವರು ಭಾಗ ಕೊಡುವ ಸಣ್ಣವರು. ಸರಬರಾಜುದಾರರು ಮುಳುಗದಿರಲಿ ಎಂದು ಬ್ರಿಟನ್ ಸರಕಾರ 150 ಕೋಟಿ ಪೌಂಡ್ ಸಾಲಕ್ಕೆ ಖಾತರಿ ನಿಲ್ಲಬೇಕಾಯಿತು.

ಒಬ್ಬರೇ ಗಿರಾಕಿಯನ್ನು ನಂಬಿದವರಿಗೆ ಇದು ಜೀವದ ಪ್ರಶ್ನೆ. ಇನ್ನೊಬ್ಬ ಸಣ್ಣ ಗಿರಾಕಿಯಾದರೂ ಇರಲಿ. ಒಂದು ತಿಂಗಳ ಸಂಬಳದಷ್ಟು ಹಣ ಮುಟ್ಟದೆ ಇಡಲು ನೋಡಿ. ಲೈನ್ ನಿಂತರೆ ನಮಗೆ ಯಾರು, ಎಷ್ಟು ಗಂಟೆಯಲ್ಲಿ ಹೇಳುತ್ತೀರಿ ಎಂದು ಗಿರಾಕಿಯನ್ನು ಈಗಲೇ ಕೇಳಿ. ಕೇಳಲು ಸಂಕೋಚ ಬೇಡ.

"ಸಂಸ್ಕೃತಿ ಬದಲಾಗಿದೆ ಅಂತ ಗೊತ್ತಾಗೋದು ಹೇಗೆ? ಅಳೆಯೋಕಾಗುತ್ತಾ?"

ಆಗುತ್ತದೆ. ಎಷ್ಟು ಘಟನೆ ಆಯಿತು ಎಂದು ಎಣಿಸಬೇಡಿ. ಎಷ್ಟು ಅನುಮಾನ ನಿಮಗೆ ಬಂದು ಮುಟ್ಟಿತು, ಎಷ್ಟು ಬೇಗ ಮುಟ್ಟಿತು ಎಂದು ಎಣಿಸಿ. ಶುರುವಿನಲ್ಲಿ ಆ ಸಂಖ್ಯೆ ಏರಬೇಕು. ಇಡೀ ತಿಂಗಳು "ಏನೂ ಇಲ್ಲ ಸಾರ್" ಎಂದು ಬಂದರೆ ನಾನು ಸಂತೋಷ ಪಡುವುದಿಲ್ಲ, ಆ ಶಿಫ್ಟಿಗೆ ಹೋಗಿ ಕೂರುತ್ತೇನೆ. ಯಾವ ಶಿಫ್ಟಿನಿಂದ, ಯಾವ ಭಾಷೆಯವರಿಂದ ಒಂದೂ ಮಾತು ಬರುತ್ತಿಲ್ಲ ಎಂದೂ ನೋಡಿ.

ಪೆನ್‌ಡ್ರೈವ್ ಹಾಕಿದ ಆ ಹುಡುಗ ಅಲ್ಲೇ ಮುಂದುವರಿದ. ಒಂದೂವರೆ ವರ್ಷ ಆದ ಮೇಲೆ ಒಂದು ರಾತ್ರಿ 11:40ಕ್ಕೆ ನನ್ನ ಫೋನ್ ಹೊಡೆದುಕೊಂಡಿತು. "ಅಣ್ಣ, ಸೀಲ್ ನಂಬರ್ ಚಲನ್‌ಗೆ ಮ್ಯಾಚ್ ಆಗ್ತಿಲ್ಲ. ಲಾರಿ ನಿಲ್ಸಿದ್ದೀನಿ. ಡ್ರೈವರ್ ಕೂಗಾಡ್ತಿದ್ದಾನೆ." ಹೋಗಿ ನೋಡಿದರೆ 3 ಅನ್ನುವುದನ್ನು ಯಾರೋ 8 ಎಂದು ಬರೆದಿದ್ದರು. ಲಾರಿ 20 ನಿಮಿಷ ತಡವಾಗಿ ಹೊರಟಿತು. ಆ ತಿಂಗಳ ಲೆಕ್ಕದ ಪುಸ್ತಕದಲ್ಲಿ ಆ ಕರೆಯನ್ನು ಮೊದಲ ಸಾಲಿನಲ್ಲಿ ಬರೆದೆ, ಅವನ ಹೆಸರಿನ ಜೊತೆ.